ಉಡಿ ತುಂಬಿಸಿಕೊಂಡ ಮೇಲೆ ಚೌಕಾಸಿ

ನಾನು ಬಾಡಿಗೆಗಿರುವ ಮನೆಯ ಬಚ್ಚಲಿನಲ್ಲಿ ಒಂದು ಫ್ಯಾನ್ ಇದೆ. ಒಳಗಿನ ಹಬೆಯನ್ನು ಹೊರಗೆ ಹಾಕುವುದು ಅದರ ಕೆಲಸ. ಅದು ಮಾಡುವುದು ಮಾತ್ರ ಹಿಟ್ಟಿನ ಗಿರಣಿಯ ಸದ್ದು. ಈ ಬಗ್ಗೆ ಮನೆಯ ಮಾಲೀಕರಿಗೆ ನಾನು ಬರೆದ ಈಮೇಲ್‌ಗಳು ಒಂದಕ್ಕಿಂತ ಒಂದು ಚೆನ್ನಾಗಿವೆ. ಪೀಠಿಕೆ ಇದೆ, ಮಂಡನೆ ಇದೆ, ಅವರು ಎತ್ತಬಹುದಾದ ಆಕ್ಷೇಪಗಳಿಗೆ ಮುಂಚಿತವಾಗಿಯೇ ಉತ್ತರವಿದೆ, ಉಪಸಂಹಾರವೂ ಇದೆ. ಪ್ರತಿ ಸಲವೂ ಅವರು “ಬಹಳ ಸ್ಪಷ್ಟವಾಗಿ ಬರೆದಿದ್ದೀರಿ, ಥ್ಯಾಂಕ್ಸ್” ಎಂದು ಉತ್ತರಿಸುತ್ತಾರೆ. ವಾದದಲ್ಲಿ ಗೆದ್ದವಳು ನಾನು, ಗಿರಣಿಯಲ್ಲಿ ನಿಂತು ಸ್ನಾನ ಮಾಡುವವಳೂ ನಾನೇ.

ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದೆ ಬರುವ ಸಂಗತಿಯಲ್ಲಿ ನಾನು ಬಹಳ ಜಾಣೆಯಂತೆ ಕಾಣಿಸುವ ಕೆಲವು ಜಾಗಗಳಿವೆ. ಅಲ್ಲಿಗೆ ಬಂದಾಗ ದಯವಿಟ್ಟು ಈ ಫ್ಯಾನನ್ನು ನೆನಪಿಸಿಕೊಳ್ಳಿ.

ನಾನು ಕಾಲೇಜು ಓದಿದ್ದು ಧಾರವಾಡದಲ್ಲಿ. ಓದಿದೆ ಎನ್ನುವುದಕ್ಕಿಂತ ವಾದಿಸಿದೆ ಎನ್ನುವುದು ಸರಿ. ಚರ್ಚಾಸ್ಪರ್ಧೆಯಲ್ಲಿ ಚೀಟಿ ಎತ್ತಿ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ ಮಾತಾಡಬೇಕು. ಬೆಳಗಿನ ಸುತ್ತಿನಲ್ಲಿ ಕೂಡು ಕುಟುಂಬವನ್ನು ಹೊಗಳಿ ತೀರ್ಪುಗಾರರ ಕಣ್ಣಲ್ಲಿ ನೀರು ತರಿಸಿ, ಮಧ್ಯಾಹ್ನದ ಸುತ್ತಿನಲ್ಲಿ ಅದೇ ಕುಟುಂಬವನ್ನು ಒಡೆದು ಪಾಲು ಮಾಡಿ, ಸಂಜೆ ಫಲಕ ಹಿಡಿದುಕೊಂಡು ಮನೆಗೆ ಬಂದವಳು ನಾನು. ಇಂಥವಳಿಗೆ ಸಹನಾ ಎಂದು ಹೆಸರಿಟ್ಟಿದ್ದಾರೆ. ಹೆಸರಿಡುವ ದಿನ ಕೂಸು ಒಂದೇ ಸಮ ಅಳುತ್ತಿತ್ತಂತೆ. ಅದು ಆಕ್ಷೇಪಣೆ ಎಂದು ಯಾರಿಗೂ ಹೊಳೆಯಲಿಲ್ಲ.

ಮೇಲಿನ ಓದಿಗೆ ಆಸ್ಟಿನ್‌ಗೆ ಬಂದು ಈಗ ಇಲ್ಲೇ ಕೆಲಸದಲ್ಲಿದ್ದೇನೆ. ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ನನಗಿಂತ ಬಹಳ ಮುಂಚೆ ಹುಬ್ಬಳ್ಳಿಯಿಂದ ಬಂದು, ಡಲ್ಲಾಸ್ ಪಕ್ಕದ ಕಾಪೆಲ್‌ನಲ್ಲಿ ಮನೆ ಮಾಡಿ, ಅಂಗಡಿಗಳಿಗೆ ಬೋರ್ಡು ತಯಾರಿಸಿ ಕೊಡುವ ವ್ಯಾಪಾರ ಇಟ್ಟುಕೊಂಡಿದ್ದಾರೆ. ಈ ಬೇಸಿಗೆಯಲ್ಲಿ ಕಾಕಾ ಮತ್ತು ಅವರ ಹೆಂಡತಿ ಕಾಕುಗೆ, ಬಾಡಿಗೆಗೆ ಕೊಡಲೆಂದು ಒಂದು ಮನೆ ಕೊಳ್ಳಬೇಕೆನಿಸಿತು. ಆಸ್ಟಿನ್‌ನಿಂದ ಮುಕ್ಕಾಲು ಗಂಟೆ ದೂರದ ಟೇಲರ್‌ನಲ್ಲಿ ದೊಡ್ಡ ಚಿಪ್ ಕಾರ್ಖಾನೆ ಎದ್ದಿದೆಯಲ್ಲ, ಬಾಡಿಗೆಗೆ ಜನ ತಾವಾಗಿ ಬರುತ್ತಾರೆ ಎಂಬುದು ಅವರ ಲೆಕ್ಕ. ಅಲ್ಲಿ ಸಿಕ್ಕಿದ ಮನೆಯ ಒಡೆಯರು ಹೂಸ್ಟನ್‌ನಲ್ಲಿರುವ ಮೈಸೂರಿನವರು, ಶ್ರೀಕಂಠ ಅಂಕಲ್ ಮತ್ತು ವತ್ಸಲಾ ಆಂಟಿ. ಮನೆಯಲ್ಲಿ ಬಾಡಿಗೆಗಿರುವವಳು ರೋಸಾ, ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವಳು. ಜೊತೆಗೆ ಅವಳ ತಾಯಿ. ಮನೆ ಕೈ ಬದಲಾದರೂ ಅವರಿಬ್ಬರೂ ಅಲ್ಲೇ ಮುಂದುವರಿಯುತ್ತಾರೆ ಎಂದು ಮಾತಾಗಿತ್ತು.

“ನೋಡವಾ ಸಹನಾ,” ಎಂದರು ಕಾಕಾ ಫೋನಿನಲ್ಲಿ, “ಕಾಲೇಜಿನಾಗ ಅಷ್ಟು ಬಹುಮಾನ ತಗೊಂಡೀ. ಈಗ ನಮ್ಮ ಸಲುವಾಗಿ ಒಮ್ಮೆ ಜಗಳಾ ಮಾಡು.”

“ಅದು ಜಗಳಾ ಅಲ್ಲ ಕಾಕಾ, ಚರ್ಚಾ.”

“ಎರಡಕ್ಕೂ ಬಾಯಿ ಒಂದ ಅಲ್ಲೇನು?”

ಇಲ್ಲಿ ಮನೆ ಕೊಳ್ಳುವ ಪದ್ಧತಿಯನ್ನು ಒಂದಿಷ್ಟು ಹೇಳಬೇಕು. ನಮ್ಮ ಊರಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತೇವೆ, ಮನೆಯ ವಿಷಯ ಬಂದಾಗ ದಿಕ್ಕು ನೋಡಿ, ಮುಹೂರ್ತ ನೋಡಿ, ಮುಂಗಡ ಕೊಟ್ಟುಬಿಡುತ್ತೇವೆ. ಇಲ್ಲಿ ಕೊತ್ತಂಬರಿಯ ಬೆಲೆಯನ್ನು ಯಾರೂ ಪ್ರಶ್ನಿಸುವುದಿಲ್ಲ, ಮನೆಗೆ ಮಾತ್ರ ಬೆಲೆ ಒಪ್ಪಿಕೊಂಡ ಮೇಲೆ ಚೌಕಾಸಿ ಶುರುವಾಗುತ್ತದೆ. ಕೊಳ್ಳುವವರು ಒಬ್ಬ ಇನ್‌ಸ್ಪೆಕ್ಟರನ್ನು ಕರೆಸಿ ಮನೆಯನ್ನು ನೆಲದಿಂದ ಮಾಡಿನವರೆಗೆ ತಪಾಸಣೆ ಮಾಡಿಸುತ್ತಾರೆ. ಅವನು ಕಂಡ ಹುಳುಕನ್ನೆಲ್ಲ ಹಿಡಿದು, ‘ಇವನ್ನು ನೀವೇ ಸರಿ ಮಾಡಿಸಿ, ಇಲ್ಲವೇ ಅಷ್ಟು ಹಣವನ್ನು ನಮಗೆ ಬಿಟ್ಟುಕೊಡಿ’ ಎಂದು ಮಾರುವವರನ್ನು ಕೇಳುತ್ತಾರೆ. ಹೀಗೆ ಬಿಟ್ಟುಕೊಡುವ ಹಣಕ್ಕೆ ರಿಪೇರಿ ಕ್ರೆಡಿಟ್ ಎಂದು ಹೆಸರು. ಇದೆಲ್ಲ ಮುಗಿಯಲು ಟೆಕ್ಸಾಸ್‌ನಲ್ಲಿ ಕೆಲವೇ ದಿನಗಳ ಗಡುವು, ಆಪ್ಷನ್ ಪಿರಿಯಡ್ ಅಂತ. ಅಷ್ಟರೊಳಗೆ ಕೊಳ್ಳುವವರು ಯಾವ ಕಾರಣವನ್ನೂ ಕೊಡದೆ ವ್ಯವಹಾರದಿಂದ ಎದ್ದುಹೋಗಬಹುದು. ಕಾರಣ ಕೊಡದೆ ಎದ್ದುಹೋಗುವ ಹಕ್ಕನ್ನು ಹಣ ಕೊಟ್ಟು ಕೊಳ್ಳುತ್ತಾರೆ ಎಂದು ತಿಳಿದಾಗ ನನಗೆ ಮೈ ಉರಿಯಿತು. ಕಾರಣಗಳನ್ನು ಕೊಡುವುದಕ್ಕೇ ಹುಟ್ಟಿದವರು ಏನು ಮಾಡಬೇಕು?

ತಪಾಸಣೆಯ ದಿನ ಎಲ್ಲರೂ ಟೇಲರ್‌ನಲ್ಲಿ ಸೇರಿದೆವು. ಮಾರುವವರು ಆ ಹೊತ್ತಿಗೆ ಮನೆಯತ್ತ ಸುಳಿಯಬಾರದು ಎನ್ನುವುದು ಇಲ್ಲಿಯ ರೂಢಿ. ಕೊಳ್ಳುವವರು ಕನ್ನಡದವರು ಎಂದು ತಿಳಿದ ಮೇಲೆ ಆ ರೂಢಿ ಶ್ರೀಕಂಠ ಅಂಕಲ್‌ಗೆ ರುಚಿಸಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಹೂಸ್ಟನ್‌ನಿಂದ ಡ್ರೈವ್ ಮಾಡಿಕೊಂಡು ಬಂದೇಬಿಟ್ಟರು. ಮನೆ ಕೊಳ್ಳಲು ನಾವು ಗೊತ್ತು ಮಾಡಿಕೊಂಡಿದ್ದ ಏಜೆಂಟ್ ಹೆಂಗಸಿನ ಮುಖ, ನಿಶ್ಚಿತಾರ್ಥಕ್ಕೆ ಎದುರು ಪಕ್ಷದ ವಕೀಲರು ಬಂದುಬಿಟ್ಟಂತೆ ಆಯಿತು.

ಕಾಕಾ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬಿರುಕು ಬಿಟ್ಟ ಕಪ್ಪು ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿದರು. “ಎರಿ ಮಣ್ಣು ನೋಡು. ನಮ್ಮ ಅಣ್ಣಿಗೇರಿ ಕಡೆ ಇದ್ದಂಗ ಐತಿ.” ಅವರು ಹೇಳಿದ್ದು ಸುಳ್ಳಲ್ಲ. ಟೇಲರ್ ಒಂದು ಕಾಲಕ್ಕೆ ಹತ್ತಿಯ ಊರು. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಮೇಲಿದ್ದ ಮನೆಯನ್ನೂ ತನ್ನ ಜೊತೆ ಎಳೆದಾಡುತ್ತದೆ. ಅದಕ್ಕೇ ಇಲ್ಲಿಯ ಜನ ಬೇಸಿಗೆಯಲ್ಲಿ ಮನೆಯ ಬುಡಕ್ಕೆ ತೂತಿನ ಪೈಪು ಹಾಸಿ ನೀರು ಬಿಡುತ್ತಾರೆ. ಗಿಡಕ್ಕೆ ನೀರು ಹಾಕುವುದನ್ನು ಕಂಡಿದ್ದೆ, ಮನೆಗೇ ನೀರು ಹಾಕಿ ಸಾಕುವುದನ್ನು ಕಂಡದ್ದು ಇಲ್ಲೇ. ಗೋಡೆಯ ಇಟ್ಟಿಗೆಗಳ ನಡುವೆ ಒಂದು ಬಿರುಕು ಮೆಟ್ಟಿಲು ಮೆಟ್ಟಿಲಾಗಿ ಹತ್ತಿತ್ತು. ನಾನು ಅದರ ಫೋಟೋ ತೆಗೆದುಕೊಂಡೆ, ಎದುರಾಳಿಯ ಮಾತಿನಲ್ಲಿ ಮೊದಲ ತಪ್ಪು ಸಿಕ್ಕವಳ ಹಾಗೆ.

ಒಳಗೆ ಅಡುಗೆಮನೆಯಲ್ಲಿ ನನ್ನ ವಾದದ ಬುಡದ ಮಣ್ಣು ಆಗಲೇ ಸಡಿಲಾಗುತ್ತಿತ್ತು. ವತ್ಸಲಾ ಆಂಟಿ ಕೈಚೀಲದಿಂದ ಕುಂಕುಮದ ಭರಣಿ, ತೆಂಗಿನಕಾಯಿ, ಅಕ್ಕಿ, ರವಿಕೆ ಕಣ ಎಲ್ಲ ತೆಗೆದು ಸಾಲಾಗಿ ಇಟ್ಟಿದ್ದರು. “ಬನ್ನಿ ಸುಮಿತ್ರಾ, ಮೊದಲನೇ ಸಲ ಭೇಟಿ ಆಗ್ತಿದೀವಿ, ಬರಿಗೈಲಿ ಕಳಿಸೋಕಾಗುತ್ತಾ,” ಎಂದು ಕಾಕುವನ್ನು ಕರೆದರು. ಕಾಕು ತಡಮಾಡದೆ ದುಪಟ್ಟಾದ ಅಂಚನ್ನೇ ಸೆರಗು ಮಾಡಿ ಉಡಿ ಒಡ್ಡಿದಳು. ಗ್ಯಾಸ್ ಒಲೆಯ ಪಕ್ಕ ನಿಂತಿದ್ದ ರೋಸಾಳ ತಾಯಿ ಇದನ್ನೆಲ್ಲ ನೋಡಿ, ಇದು ಮನೆಯ ಹೆಂಗಸರಿಗೆಲ್ಲ ಇರುವ ಶಾಸ್ತ್ರವೆಂದು ತಿಳಿದು, ನಗುತ್ತಾ ತಾನೂ ಏಪ್ರನ್ ಎತ್ತಿ ಹಿಡಿದಳು. ವತ್ಸಲಾ ಆಂಟಿ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಆಕೆಯ ಏಪ್ರನ್ನಿಗೂ ಅಕ್ಕಿ ಹಾಕಿ, ಎರಡು ಬಾಳೆಹಣ್ಣು ಇಟ್ಟು, ಹಣೆಗೆ ಕುಂಕುಮ ಹಚ್ಚಿದರು. ಆಕೆಗೆ ಗಂಡನಿದ್ದಾನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಊರಲ್ಲಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದರು. ಅಷ್ಟರಮಟ್ಟಿಗೆ ಟೆಕ್ಸಾಸ್ ನಮ್ಮನ್ನು ತಿದ್ದಿದೆ.

ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ವಾಸ್ತುವನ್ನಂತೂ ಮೊದಲೇ ನಂಬುವುದಿಲ್ಲ. ಅಡುಗೆಮನೆ ಆಗ್ನೇಯಕ್ಕೆ ಇದೆಯೇ ಎಂದು ಕಾಕಾ ಫೋನಿನ ದಿಕ್ಸೂಚಿ ಹಿಡಿದು ತಿರುಗುತ್ತಿದ್ದಾಗ, ಇನ್‌ಸ್ಪೆಕ್ಟರ್ ಅಟ್ಟದಿಂದ ಇಳಿದು ಬಂದು ಬೇರೆಯದೇ ಅಗ್ನಿಯ ಸುದ್ದಿ ಹೇಳಿದ. ಗ್ಯಾಸಿನ ವಾಟರ್ ಹೀಟರಿನ ಹೊಗೆಯನ್ನು ಮಾಡಿನ ಮೇಲಕ್ಕೆ ಒಯ್ಯಬೇಕಾದ ಕೊಳವೆ ನಡುವೆ ಕಳಚಿಕೊಂಡಿದೆ, ಹೊಗೆಯೆಲ್ಲ ಅಟ್ಟದಲ್ಲೇ ತುಂಬುತ್ತಿದೆ. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಷದ ಗಾಳಿ ಅದು. ಎಚ್ಚರಿಸಲು ಮನೆಯಲ್ಲಿ ಅಲಾರಾಂ ಕೂಡ ಇಲ್ಲ. ಅವನು ಹೀಟರನ್ನು ಆರಿಸಿ, ಅದಕ್ಕೊಂದು ಕೆಂಪು ಚೀಟಿ ಕಟ್ಟಿ, ರಿಪೇರಿ ಆಗುವವರೆಗೆ ಹಚ್ಚಬೇಡಿ ಎಂದ. “ಆಯ್ತು, ಮಾಡಿಸೋಣ ಮಾಡಿಸೋಣ,” ಎಂದರು ಶ್ರೀಕಂಠ ಅಂಕಲ್. ನಾವೂ ತಲೆಯಾಡಿಸಿದೆವು. ಕಾರುಗಳು ಮೂರು ಊರುಗಳ ದಾರಿ ಹಿಡಿದವು.

ಮರುದಿನ ವರದಿ ಬಂತು. ನಾನು ರಜೆ ಹಾಕಿ ಕೂತೆ. ಬಿರುಕು, ಆಲಿಕಲ್ಲಿಗೆ ಪೆಟ್ಟಾದ ಮಾಡು, ಎಸಿಯ ನೀರು ಸೋರುವ ತಟ್ಟೆ, ವಾಟರ್ ಹೀಟರ್, ಎಲ್ಲವನ್ನೂ ತೂಕದ ಪ್ರಕಾರ ಜೋಡಿಸಿ, ಯಾವುದನ್ನು ಮೊದಲು ಎತ್ತಬೇಕು, ಯಾವುದನ್ನು ಕೊನೆಗೆ ಉದಾರವಾಗಿ ಬಿಟ್ಟುಕೊಟ್ಟಂತೆ ನಟಿಸಬೇಕು ಎಂದು ಗುರುತು ಹಾಕಿಕೊಂಡೆ. ಸಂಜೆ ಕಾಪೆಲ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಕಾಕಾ “ಭೇಷ್” ಎಂದರು. ಹಿಂದಿನಿಂದ ಕಾಕುವಿನ ದನಿ ಬಂತು.

“ಇದನ್ನ ನೀ ಕೇಳಬ್ಯಾಡ ಸಹನಾ.”

“ಯಾಕ ಕಾಕು?”

“ಉಡಿ ತುಂಬಿಸಿಕೊಂಡು ಬಂದೀನಿ. ಉಡಿ ತುಂಬಿದ ಮನಿಗೆ ಹೆಸರಿಡೋದ? ಮಾಡು ಸರಿ ಇಲ್ಲ, ಗ್ವಾಡಿ ಸರಿ ಇಲ್ಲ, ರೊಕ್ಕ ಕೊಡ್ರಿ ಅಂತ? ಆಕಿ ಮಾರಿ ಹೆಂಗ ನೋಡಲಿ ನಾನು?”

“ಕಾಕು, ಅವರು ತುಂಬಿದ್ದು ಅಕ್ಕಿ, ತೆಂಗಿನಕಾಯಿ. ಫೌಂಡೇಶನ್ ಅಲ್ಲ.”

“ಏ ಹುಚ್ಚಿ,” ಎಂದಳು ಕಾಕು. ನಲವತ್ತು ಪುಟದ ವರದಿಗೆ ಅವಳ ಪ್ರತಿವಾದ ಅಷ್ಟೇ.

ಇಲ್ಲಿ ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ನಮ್ಮ ಹಳೆಯ ತಾರ್ಕಿಕರು ಮಾತಿನ ಜಗಳದಲ್ಲಿ ಮೂರು ಜಾತಿ ಗುರುತಿಸಿದ್ದರು. ನಿಜ ತಿಳಿಯಲೆಂದು ನಡೆಸುವುದು ವಾದ. ಗೆಲ್ಲಲೆಂದು ನಡೆಸುವುದು ಜಲ್ಪ. ತನ್ನದೆಂದು ಏನನ್ನೂ ಹೇಳದೆ ಎದುರಿನವನು ಹೇಳಿದ್ದನ್ನೆಲ್ಲ ಕೆಡವುತ್ತಾ ಹೋಗುವುದು ವಿತಂಡ. ಮನೆ ಕೊಳ್ಳುವವರ ತಪಾಸಣೆಯ ಚೌಕಾಸಿಯನ್ನು ಅವರು ನೋಡಿದ್ದರೆ ಮೂರನೆಯದಕ್ಕೆ ಬೇರೆ ಉದಾಹರಣೆ ಹುಡುಕುತ್ತಿರಲಿಲ್ಲ. ಮನೆ ಬೇಕು, ಬೇಕೆಂದು ಹೇಳುವ ಹಾಗಿಲ್ಲ. ಇಷ್ಟವಾಗಿದೆ, ಮುಖ ಸಿಂಡರಿಸಿಕೊಂಡೇ ನೋಡಬೇಕು. ಕಾಕು ಅವತ್ತು ಅಡುಗೆಮನೆಯಲ್ಲಿ ನಿಂತು, “ಮನಿ ಭಾಳ ಚಲೋ ಇಟ್ಟೀರಿ ನೋಡ್ರಿ,” ಎಂದಿದ್ದಳು. ನಮ್ಮ ಏಜೆಂಟ್‌ಗೆ ಕನ್ನಡ ಬಾರದಿದ್ದರೂ ಅವಳ ಮುಖ ನೋಡಿಯೇ ಅರ್ಥವಾಗಿ, ಆಕೆ ಕಣ್ಣು ಮುಚ್ಚಿಕೊಂಡಿದ್ದಳು.

ಕಾಕುವಿನ ಮಾತು ಕೇಳಿ ನಾನು ಹಿಂದೆ ಸರಿಯಲಿಲ್ಲ. ಅವಳ ಉಡಿ ಅವಳದು, ನನ್ನ ವಾದ ನನ್ನದು. ಏಜೆಂಟ್ ಮೂಲಕ ಕಳಿಸಿದ ಬೇಡಿಕೆಗೆ ಶ್ರೀಕಂಠ ಅಂಕಲ್ ನೇರವಾಗಿ ನನಗೇ ಫೋನ್ ಮಾಡಿದರು.

“ಏನು ಪುಟ್ಟಾ, ನಮ್ಮ ಮನೇನ ಹಾಗೆ ಜಾಲಾಡಿಬಿಟ್ಟಿದೀಯ? ಗೋಡೆ ಬಿರುಕು ಟೇಲರ್‌ನಲ್ಲಿ ಎಲ್ಲರ ಮನೇಲೂ ಇದೆ ಕಣಮ್ಮ.”

“ಎಲ್ಲರ ಮನೆಯಲ್ಲಿ ಇದ್ದಮಾತ್ರಕ್ಕೆ ಅದು ಬಿರುಕಲ್ಲ ಅಂತ ಆಗಲ್ಲ ಅಂಕಲ್. ಎಲ್ಲರೂ ರಿಪೇರಿ ಮಾಡಿಸಬೇಕು ಅಂತ ಆಗುತ್ತೆ.”

“ಅಬ್ಬಾ. ನಿನ್ನ ಮದುವೆ ಆಗೋ ಹುಡುಗ ಎಲ್ಲಿದಾನೋ ಪಾಪ.”

“ಅವನ ತಪಾಸಣೆಯನ್ನೂ ಮಾಡಿಸೋದಿದೆ ಅಂಕಲ್. ಈಗ ಮಾಡಿನ ವಿಷಯಕ್ಕೆ ಬರೋಣ.”

ಅವರು ನಕ್ಕರು, ನರಳಿದರು, ಏಜೆಂಟ್ ಹತ್ತಿರ ಮಾತಾಡಿ ಹೇಳುತ್ತೇನೆ ಎಂದು ಇಟ್ಟರು, ಮತ್ತೆ ಮಾಡಿದರು. ನಾನು ಬಿಡಲಿಲ್ಲ. ಕೊನೆಗೆ ಕೇಳಿದ್ದರಲ್ಲಿ ಮುಕ್ಕಾಲು ಪಾಲನ್ನು ಬಿಡಲು ಒಪ್ಪಿದರು, ಒಂದು ಷರತ್ತಿನ ಮೇಲೆ. ಹಣ ಬಿಡುತ್ತಿರುವುದರಿಂದ ತಾವು ಯಾವ ರಿಪೇರಿಯನ್ನೂ ಮಾಡಿಸುವುದಿಲ್ಲ, ಎಲ್ಲವೂ ಕೊಳ್ಳುವವರ ಹೊಣೆ. ಇದು ನನ್ನದೇ ಸಲಹೆ. ಅವರು ಅಗ್ಗದ ಕೆಲಸದವನನ್ನು ತಂದು ತೇಪೆ ಹಾಕಿಸುವುದಕ್ಕಿಂತ ಹಣವೇ ವಾಸಿ ಎಂದು ಕಾಕಾಗೆ ಉದ್ದದ ಮೆಸೇಜಿನಲ್ಲಿ ಸಾಬೀತು ಮಾಡಿದ್ದೆ. ಏಜೆಂಟ್ ಕರಾರು ಸಿದ್ಧ ಮಾಡಿದರು. ಮರುದಿನ ಸಂಜೆ ಗಡುವು ಮುಗಿಯುವ ಮೊದಲು ಎರಡೂ ಕಡೆಯವರು ಸಹಿ ಹಾಕಬೇಕು.

(ಫ್ಯಾನ್ ನೆನಪಿದೆಯಲ್ಲ?)

ಮರುದಿನ ಬೆಳಿಗ್ಗೆ ಕಾಕಾ, ಸಹಿಗೆ ಮೊದಲು ಆ ಬಿರುಕನ್ನು ಇನ್ನೊಮ್ಮೆ ನೋಡಿ ಬಾ ಎಂದರು. ಟೇಲರ್‌ಗೆ ಹೋದೆ. ಬಾಗಿಲು ತೆಗೆದ ರೋಸಾ ಕೆಲಸದ ಬೂಟಿನಲ್ಲೇ ಇದ್ದಳು. ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆ, ಹಬ್ಬದ ತಿಂಡಿಯನ್ನು ಹಬೆಯಲ್ಲಿ ಬೇಯಿಸುವಂಥದ್ದು, ತುಂಬ ನೀರು ಕಾಯುತ್ತಿತ್ತು. ಅವಳ ತಾಯಿ ಎರಡು ಬಟ್ಟೆ ಸುತ್ತಿ ಪಾತ್ರೆಯನ್ನು ಎತ್ತಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬಚ್ಚಲಿಗೆ ನಡೆದಳು. ನನ್ನ ಪಕ್ಕ ಹಾದುಹೋಗುವಾಗ ಪಾತ್ರೆ ತುಳುಕಿತು. ಆಕೆ ನನ್ನ ಪಾದಕ್ಕೆ ಬಿತ್ತೇನೋ ಎಂದು ಗಾಬರಿಯಿಂದ ನೋಡಿದಳು, ಬಿದ್ದಿದ್ದು ಆಕೆಯ ಕೈಗೆ.

ರೋಸಾ ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ಹೀಟರ್ ಆರಿಸಿದಂದಿನಿಂದ ಬಿಸಿನೀರಿಲ್ಲವೆಂದು ಹಳೆಯ ಮಾಲೀಕರಿಗೆ ಫೋನ್ ಮಾಡಿದ್ದಳಂತೆ. ರಿಪೇರಿಯ ಹಣ ಹೊಸಬರಿಗೆ ಸೇರುತ್ತದೆ, ಅವರನ್ನು ಕೇಳು ಎಂದರಂತೆ. ನಮ್ಮ ಏಜೆಂಟ್‌ಗೆ ಕೇಳಿದರೆ, ಮನೆ ಇನ್ನೂ ಅವರದಾಗಿಲ್ಲ, ಮುಂದಿನ ತಿಂಗಳು ಆಗುತ್ತದೆ ಎಂದರಂತೆ. “ನಿಮ್ಮವರಲ್ಲಿ ಯಾರು ನನ್ನ ಮನೆಯ ಮಾಲೀಕರು ಅಂತ ಗೊತ್ತಾದರೆ ಸಾಕು,” ಎಂದಳು.

ರಿಪೇರಿ ಕ್ರೆಡಿಟ್ ಎಂಬುದರಲ್ಲಿ ರಿಪೇರಿ ಎಲ್ಲೂ ಇಲ್ಲ ಎನ್ನುವುದು ನನಗೆ ಆಗ ತಿಳಿಯಿತು. ಮಾರುವವರ ಜೇಬಿನಿಂದ ಕೊಳ್ಳುವವರ ಜೇಬಿಗೆ ಹಣ ದಾಟುತ್ತದೆ. ಕಳಚಿದ ಕೊಳವೆ ಅಟ್ಟದಲ್ಲಿ ಕಳಚಿಕೊಂಡೇ ಇರುತ್ತದೆ. ಈ ಚರ್ಚೆಯಲ್ಲಿ ಪರ, ವಿರೋಧ ಎರಡೂ ಇದ್ದವು. ನೀರು ಕಾಯಿಸಿಕೊಳ್ಳುತ್ತಿದ್ದವರಿಗೆ ಮಾತ್ರ ಚೀಟಿಯೇ ಇರಲಿಲ್ಲ. ಬಾಡಿಗೆದಾರಳಾದ ನಾನೇ ಇದನ್ನು ಬರೆಸಿದ್ದೆ.

ಅಲ್ಲೇ ಅಂಗಳದ ಎರೆ ಮಣ್ಣಲ್ಲಿ ನಿಂತು ಶ್ರೀಕಂಠ ಅಂಕಲ್‌ಗೆ ಫೋನ್ ಮಾಡಿದೆ. ಹೀಟರ್ ಒಂದನ್ನಾದರೂ ಈಗಲೇ ಮಾಡಿಸಿಕೊಡಿ ಎಂದೆ. “ದುಡ್ಡು ಬಿಟ್ಟಿದೀನಲ್ಲ ಪುಟ್ಟಾ. ರಿಪೇರಿ ಬೇಡ, ದುಡ್ಡೇ ಸಾಕು ಅಂದೋಳು ನೀನೇ,” ಎಂದರು. ಕಾಕಾಗೆ ಮಾಡಿದೆ. “ಈಗ ಅವರ ಮನಿ, ಅವರ ಹೀಟರ್. ಮುಂದಿನ ತಿಂಗಳ ನಮ್ಮದಾದ ಕೂಡ್ಲೇ ಹೊಸದ ಹಾಕಿಸ್ತೀನಿ. ನೀನ ಗೆದ್ದು ನೀನ ಯಾಕ ಬಿಟ್ಟುಕೊಡ್ತೀ?” ಎಂದರು. ಇಬ್ಬರ ವಾದದಲ್ಲೂ ತೂತಿರಲಿಲ್ಲ. ಇರಲು ಹೇಗೆ ಸಾಧ್ಯ, ಎರಡನ್ನೂ ಹೊಲಿದುಕೊಟ್ಟವಳು ನಾನೇ. ಆದರೂ ಹೀಟರ್ ಉರಿಯುವವರೆಗೆ ಈ ಸಹಿ ಆಗುವುದಿಲ್ಲ ಎಂದು ನಿರ್ಧರಿಸಿಬಿಟ್ಟೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

“ಕಾಕಾ, ಆ ಅಜ್ಜಿ ಕುದಿಯೋ ನೀರು ಹೊತ್ತುಕೊಂಡು ಹೊಂಟಾಳ. ಇವತ್ತ ಕೈ ಸುಟ್ಟುಕೊಂಡಳು,” ಎಂದೆ. ಅದು ವಾದವೂ ಆಗಿರಲಿಲ್ಲ, ಬಾಯಿಗೆ ಬಂದದ್ದು.

ಫೋನ್ ಸ್ಪೀಕರಿನಲ್ಲಿತ್ತೆಂದು ಕಾಣುತ್ತದೆ. ಕಾಕು ಕೇಳಿದಳು, “ಯಾರು? ಏಪ್ರನ್ ಒಡ್ಡಿದ್ಲಲ್ಲ, ಆಕಿ?”

“ಹೂಂ.”

“ವತ್ಸಲಾ ಅವರಿಗೆ ಫೋನ್ ಹಚ್ಚಿ ಕೊಡು.”

“ರೊಕ್ಕ ಕೇಳಬ್ಯಾಡ ಅಂದಾಕಿ ನೀನ ಅಲ್ಲೇನು?” ಎಂದರು ಕಾಕಾ.

“ರೊಕ್ಕ ಕೇಳಲಿಕ್ಕೆ ಬರಂಗಿಲ್ಲ. ಬಿಸಿನೀರು ಕೇಳಲಿಕ್ಕೆ ಬರ್ತದ. ಉಡಿ ತುಂಬಿದವರು ತವರಮನಿ ಆದಂಗ. ತವರಮನಿಯಾಗ ಕೇಳಲಿಲ್ಲಂದ್ರ ಇನ್ನೆಲ್ಲಿ ಕೇಳ್ಲಿ?”

ಮೂವರೂ ಒಂದೇ ಕರೆಯಲ್ಲಿ ಸೇರಿದೆವು. ನಾನು ಗಂಟಲು ಸರಿಮಾಡಿಕೊಂಡು ಪೀಠಿಕೆ ಶುರು ಮಾಡುವಷ್ಟರಲ್ಲಿ ಕಾಕು ಹೇಳಿ ಮುಗಿಸಿದ್ದಳು. “ವತ್ಸಲಾ ಅವರ, ಅವತ್ತ ನನ್ನ ಜೋಡಿ ಆ ಅಜ್ಜಿಗೂ ಉಡಿ ತುಂಬೀರಿ. ಆಕಿ ಈಗ ಪಾತೇಲ್ಯಾಗ ನೀರು ಕಾಸಿ ಹೊತ್ತು, ಕೈ ಸುಟ್ಟುಕೊಂಡಾಳ. ಇದು ನಿಮಗೂ ಸರಿ ಅಲ್ಲ, ನನಗೂ ಸರಿ ಅಲ್ಲ.”

ವತ್ಸಲಾ ಆಂಟಿ ಫೋನನ್ನು ಬಾಯಿಂದ ದೂರ ಹಿಡಿದು ಹೇಳಿದ್ದು ಸ್ಪಷ್ಟವಾಗಿಯೇ ಕೇಳಿಸಿತು. “ರೀ, ಬನ್ನಿ ಇಲ್ಲಿ. ಹೀಟರ್ ಇನ್ನೂ ಮಾಡಿಸಿಲ್ವಾ? ಮಾಡಿಸೋಣ ಮಾಡಿಸೋಣ ಅಂದ್ರಲ್ಲ ಅವತ್ತು, ಯಾರ ಹತ್ರ ಅಂದ್ರಿ, ನನ್ನ ಹತ್ರಾನಾ, ಗೋಡೆ ಹತ್ರಾನಾ?”

ಅಂದು ಮಧ್ಯಾಹ್ನವೇ ಟೇಲರ್‌ಗೆ ಪ್ಲಂಬರ್ ಬಂದ. ಅವನ ಖರ್ಚನ್ನು ಕ್ರೆಡಿಟ್‌ನಿಂದ ಕಳೆಯಬೇಕೆಂದು ಶ್ರೀಕಂಠ ಅಂಕಲ್ ಹೇಳಿದರು, ಕಾಕಾ ಗೊಣಗಿದರು, ನಾನು ಒಪ್ಪಿಕೊಂಡೆ. ನನ್ನ ವಾದದ ಚರಿತ್ರೆಯಲ್ಲಿ ಪ್ರತಿವಾದವಿಲ್ಲದೆ ಒಪ್ಪಿಕೊಂಡ ಮೊದಲ ಮಾತು ಅದು. ಕರಾರಿನಲ್ಲಿ ಆ ಒಂದು ಸಾಲು ಬದಲಾಯಿತು. ಕೊಳವೆ ಸೇರಿ, ಅಲಾರಾಂ ಗೋಡೆಗೆ ಹತ್ತಿ, ಕೆಂಪು ಚೀಟಿ ಕಳಚಿದ ಮೇಲೆಯೇ ಕಾಕಾ ಸಹಿ ಹಾಕುವಂತೆ ನಾನು ಹೀಟರಿನ ಮುಂದೆ ನಿಂತು ಫೋಟೋ ಕಳಿಸಿದೆ. ರೋಸಾಳ ತಾಯಿ ನಲ್ಲಿ ತಿರುಗಿಸಿ, ಕಾದಿದೆಯೇ ಎಂದು ಮೊದಲು ತಾನು ನೋಡದೆ ನನ್ನ ಕೈಯನ್ನು ಹಿಡಿದು ನೀರಿನ ಕೆಳಗೆ ಇಟ್ಟಳು. ತಣ್ಣಗೆ, ತಣ್ಣಗೆ, ಆಮೇಲೆ ನಿಧಾನವಾಗಿ ಬೆಚ್ಚಗೆ.

ಉಡಿಯಲ್ಲಿ ಏನೋ ಶಕ್ತಿಯಿದೆ ಎಂದು ಈಗಲೂ ನಾನು ನಂಬುವುದಿಲ್ಲ. ಅಕ್ಕಿ ಅಕ್ಕಿಯೇ. ಆದರೆ ಅದನ್ನು ಹಾಕುವವರು ಒಡ್ಡಿದವರ ಮುಖವನ್ನು ಒಮ್ಮೆ ನೋಡಲೇಬೇಕು, ಆ ಮುಖ ಆಮೇಲೆ ಮರೆಯುವುದು ಕಷ್ಟ. ನನ್ನ ಈಮೇಲ್‌ಗಳಲ್ಲಿ ಇಂಥ ಏರ್ಪಾಡು ಎಲ್ಲೂ ಇಲ್ಲ. ನನ್ನ ಮಾಲೀಕರಿಗೆ ಆ ಫ್ಯಾನಿನ ಬಗ್ಗೆ ಎಲ್ಲವೂ ಗೊತ್ತು, ಅದರ ಸದ್ದೊಂದನ್ನು ಬಿಟ್ಟು.

ಹಾಗಾಗಿ ಈ ಸಲ ಬರೆಯಲಿಲ್ಲ. ಶನಿವಾರ ಸಂಜೆ ಅವರನ್ನು ಚಹಾಕ್ಕೆ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ. ಚಹಾ ಮುಗಿಯುವವರೆಗೆ ಬಚ್ಚಲಿನ ಬಾಗಿಲು ತೆರೆದಿರುತ್ತದೆ, ಫ್ಯಾನ್ ತಿರುಗುತ್ತಲೇ ಇರುತ್ತದೆ, ನಾನು ಅದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಆರಡಿ ಎತ್ತರದ ಆ ಮನುಷ್ಯ ಉಡಿಗೆಂದು ಯಾವುದನ್ನು ಒಡ್ಡುತ್ತಾರೋ ತಿಳಿಯದು. ತೆಂಗಿನಕಾಯಿಯಂತೂ ತಂದಿಟ್ಟಿದ್ದೇನೆ.